ಬಿಳಿ ಫ್ರಾಕಿನ ಬೆನ್ನು

ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದು. ತಾಗಿಸಿದರೆ ಕಲೆ ನೂಲಿನೊಳಗೆ ಇಳಿದು, ಬಟ್ಟೆ ಹರಿದು ಚಿಂದಿಯಾದರೂ ಬಿಡುವುದಿಲ್ಲ. ತಣ್ಣೀರಿನಲ್ಲಿ ನೆನೆಸಿ, ಉಪ್ಪು ಹಾಕಿ, ಬೆರಳ ತುದಿಯಲ್ಲಿ ಮೆಲ್ಲಗೆ ಉಜ್ಜಬೇಕು. ನೆಲ್ಡಾಳ ಹೊಟ್ಟೆ ಹೊರೆಯುತ್ತಿದ್ದದ್ದು ಇದೇ ವಿದ್ಯೆ. ಊರಿನ ಗೂಳಿ ಸವಾರರ ಜೀನ್ಸುಗಳೆಲ್ಲ ಅವಳ ಹಿತ್ತಿಲ ಕೋಣೆಗೇ ಬರುತ್ತಿದ್ದವು.

ರೋಡಿಯೋ, ಅಂದರೆ ಗೂಳಿ ಸವಾರಿಯ ಪಂದ್ಯ, ನಡೆಯುವ ವಾರವಂತೂ ಕೇಳುವುದೇ ಬೇಡ. ಈ ಸಲ ಒಬ್ಬನ ತೊಡೆಗೆ ಕೊಂಬು ಹೊಕ್ಕು ಆಚೆ ಬಂದಿತ್ತು. ಅವನ ಹೆಂಡತಿ ಅಳುತ್ತಾ ಜೀನ್ಸು ತಂದುಕೊಟ್ಟು, ತೂತಿಗೆ ತೇಪೆ ಹಾಕಿಕೊಡಿ ಅಂದಿದ್ದಳು. ಇನ್ನೊಬ್ಬನನ್ನು ಗೂಳಿ ಬೇಲಿಗೆ ಒತ್ತಿ ಅರೆದಿತ್ತು. ಅವನ ಜೇಬಿನಲ್ಲಿ ಅವನದೇ ಹಲ್ಲು ಸಿಕ್ಕಿತು. ನೆಲ್ಡಾ ಅದನ್ನು ತೊಳೆದು, ಕಾಗದದಲ್ಲಿ ಸುತ್ತಿ, ಜೀನ್ಸು ಒಣಗಿದ ಮೇಲೆ ಅದೇ ಜೇಬಿಗೆ ಹಾಕಿಟ್ಟಳು. ಯಾರ ಮಗನೋ ಏನೋ, ಬೇಕಾದರೂ ಬೇಕಾದೀತು.

ತೊಳೆದ ಮೇಲೆ ಗಂಜಿ. ಗಟ್ಟಿ ಗಂಜಿಯಲ್ಲಿ ಅದ್ದಿ, ಒಣಗಿಸಿ, ಸುಡುವ ಇಸ್ತ್ರಿ ಒತ್ತಿ ಎತ್ತಿದರೆ ಜೀನ್ಸು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಹಾಗೆ ನಿಲ್ಲದ ಜೀನ್ಸು ತೊಟ್ಟು ಓಕ್ಲಹೋಮದ ಈ ಸೀಮೆಯಲ್ಲಿ ಯಾವ ಗಂಡಸೂ ಹಳ್ಳಿಗಾಡಿನ ಕಂಟ್ರಿ ಹಾಡು ಕೇಳಲು ಹೋಗುವುದಿಲ್ಲ. ಇವತ್ತು ಸಂಜೆ ರೋಡಿಯೋ ಮೈದಾನದಲ್ಲಿ ಟೆಕ್ಸಾಸಿನ ಹಾಡುಗಾರ ಹಾಡುವವನಿದ್ದ. ಹಾಗಾಗಿ ನೆಲ್ಡಾಳ ಕೋಣೆಯ ಗೋಡೆಯುದ್ದಕ್ಕೂ ಜೀನ್ಸುಗಳು ಸೊಂಟದ ಮೇಲಿನ ಮನುಷ್ಯರಿಲ್ಲದೆ ಸಾಲಾಗಿ ನಿಂತಿದ್ದವು. ಎಲ್ಲಕ್ಕಿಂತ ಮುಂದೆ ವೆಸ್ ರಿಗ್ಸ್‌ನದು.

ವೆಸ್‌ನ ಜೀನ್ಸಿಗೆ ನೆಲ್ಡಾ ಯಾವತ್ತೂ ಒಂದು ಕೈ ಹೆಚ್ಚೇ ಗಂಜಿ ಹಾಕುತ್ತಿದ್ದಳು. ಅಳಿಯನಾಗುವ ಹುಡುಗ. ಅವನ ಅಪ್ಪ ಹಾಯ್ಟ್ ರಿಗ್ಸ್ ರೋಡಿಯೋ ಕಮಿಟಿಗೆ ಯಜಮಾನ, ಗೂಳಿಗಳೂ ಅವನವೇ. ಅಮ್ಮ ಓಪಲ್‌ಳ ಅಂಗಿಗಳೂ ಇಲ್ಲಿಗೇ ಬರುತ್ತಿದ್ದವು: ಮುತ್ತಿನ ಗುಂಡಿಯ, ಉದ್ದ ತೋಳಿನ, ಹೂವಿನ ಕಸೂತಿಯ ಅಂಗಿಗಳು. ವಾರದ ಕೆಳಗೆ ವೆಸ್ ತಂದುಕೊಟ್ಟ ಜೀನ್ಸಿನಲ್ಲಿ, ಬೆಲ್ಟು ಹಾಯುವ ಕುಣಿಕೆಗಳ ಬಳಿ, ಸಣ್ಣ ಸಣ್ಣ ರಕ್ತದ ಹನಿಗಳು ಚಿಮ್ಮಿದ್ದವು. ಗೂಳಿಯದ್ದಿರಬೇಕು ಅಂದುಕೊಂಡು ನೆಲ್ಡಾ ಉಪ್ಪು ಹಾಕಿ ತೊಳೆದಿದ್ದಳು.

"ಅಮ್ಮಾ, ಆ ಕರಿ ಅಂಗಿ ಎಲ್ಲಿಟ್ಟೆ?" ಒಳಕೋಣೆಯಿಂದ ಶೆಲ್ಬಿ ಕೂಗಿದಳು.

"ಹಾಡು ಕೇಳೋಕೆ ಹೊರಟಿದೀಯೋ, ಹೆಣ ಹೂಳೋಕೆ ಹೊರಟಿದೀಯೋ?"

"ಆ ಹಾಡುಗಾರನ ಗಂಟಲು ಕೇಳಿದೀಯಲ್ಲ, ಎರಡೂ ಒಂದೇ."

ನೆಲ್ಡಾ ನಕ್ಕಳು. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಗೆ ಕೈ ಒರೆಸಿಕೊಂಡು ಮಗಳ ಕೋಣೆಗೆ ಹೋದಳು. ಬೀರುವಿನಲ್ಲಿದ್ದದ್ದೆಲ್ಲ ಹಾಸಿಗೆಯ ಮೇಲೆ ಬಿದ್ದಿತ್ತು. ಝಾಲರಿಯ ಲಂಗ, ಚೌಕಳಿ ಅಂಗಿಗಳು, ಒಂದೇ ಕಾಲಿನ ಬೂಟು, ಎಲ್ಲದರ ಮೇಲೆ ಹುಲ್ಲಿನ ಟೋಪಿ.

"ಅಯ್ಯೋ ದರಿದ್ರದವಳೇ, ಟೋಪಿ ಯಾರಾದ್ರೂ ಹಾಸಿಗೆ ಮೇಲೆ ಇಡ್ತಾರೇನೇ, ಅಪಶಕುನ! ಇವತ್ತು ಯಾರ ತಲೆ ಒಡೀಬೇಕು ಅಂತಿದೀಯ?" ನೆಲ್ಡಾ ಟೋಪಿಯನ್ನು ಕಿತ್ತು ಮೊಳೆಗೆ ಸಿಕ್ಕಿಸಿದಳು. "ಮೊದಲು ಬಕಲ್ ಎತ್ಕೋ. ಬಕಲ್ ಯಾವುದು ಅಂತ ಆದ್ಮೇಲೆ ಮಿಕ್ಕಿದ್ದು ತಾನೇ ಹೊಂದುತ್ತೆ."

ಶೆಲ್ಬಿ ಕಿಟಕಿಯ ಕಡೆ ತಿರುಗಿ ಕೂದಲು ಬಾಚಿಕೊಳ್ಳುತ್ತಿದ್ದಳು. ಈಚೆಗೆ ಕೂದಲನ್ನು ಬೆನ್ನ ಮೇಲೆ ಹರಡಿಯೇ ಬಿಡುತ್ತಿದ್ದಳು, ಜಡೆ ಹಾಕೆಂದರೆ ಸಿಡುಕುತ್ತಿದ್ದಳು.

ಬೆಲ್ಟಿನ ಬಕಲ್ಲು ಮೇಜಿನ ಮೇಲಿತ್ತು. ಅಂಗೈಯಗಲದ ಬೆಳ್ಳಿ. ಸುತ್ತ ಹಗ್ಗ ಹೊಸೆದಂಥ ಅಂಚು, ನಡುವೆ ಗೂಳಿಯ ತಲೆ, ಅದರ ಹಣೆಗೊಂದು ನಕ್ಷತ್ರ. ಗೂಳಿ ಸವಾರಿಯಲ್ಲಿ ವರ್ಷಕ್ಕೊಬ್ಬ ಗೆಲ್ಲುತ್ತಾನೆ, ವರ್ಷಕ್ಕೊಂದೇ ಎರಕ, ಒಂದರ ಚಿತ್ರ ಇನ್ನೊಂದರಲ್ಲಿಲ್ಲ. ಯಾವ ವರ್ಷದ್ದು ಯಾರ ಸೊಂಟದಲ್ಲಿದೆ ಎನ್ನುವುದು ಊರಿನ ಮಕ್ಕಳಿಗೂ ಗೊತ್ತು. ಗೆಲ್ಲದವನು ಬಕಲ್ಲು ತೊಟ್ಟರೆ ಅದನ್ನು ಅಲ್ಲೇ ಬಿಚ್ಚಿಸಿ, ಹೊಡೆದು ಕಳಿಸುತ್ತಾರೆ. ಗೆದ್ದವನು ತಾನಾಗಿ ಬಿಚ್ಚಿ ಹುಡುಗಿಯ ಕೈಗೆ ಕೊಟ್ಟರೆ ಮಾತ್ರ ಅದಕ್ಕೆ ಬೇರೆ ಅರ್ಥ, ಅದು ಮದುವೆಯ ಮಾತು. ನೆಲ್ಡಾಳ ಗಂಡ ವರ್ಲಿನ್ ಹಾಗೇ ಕೊಟ್ಟಿದ್ದ, ಕರು ಕಟ್ಟುವ ಪಂದ್ಯದಲ್ಲಿ ಗೆದ್ದ ಪುಟ್ಟ ಬಕಲ್ಲನ್ನು. ಉಂಗುರ ಕೊಳ್ಳಲು ಅವನ ಹತ್ತಿರ ದುಡ್ಡಿರಲಿಲ್ಲ. ಸಾಯುವವರೆಗೂ ಅವಳಿಗೆ ಏರುದನಿಯಲ್ಲಿ ಒಂದು ಮಾತು ಅಂದವನಲ್ಲ. ಆ ಬಕಲ್ಲು ಸವೆದು ಸವೆದು ಕರು ಯಾವುದು ಹಗ್ಗ ಯಾವುದು ತಿಳಿಯದಂತಾಗಿದ್ದರೂ ನೆಲ್ಡಾ ಅದನ್ನೇ ದಿನವೂ ತೊಡುತ್ತಿದ್ದಳು. ಆದ್ದರಿಂದಲೇ ಹೋದ ಭಾನುವಾರ ವೆಸ್ ತನ್ನ ಬಕಲ್ಲನ್ನು ಶೆಲ್ಬಿಯ ಕೈಗಿಟ್ಟದ್ದು ತಿಳಿದಾಗ ಅವಳು ಗಂಜಿ ಬಕೆಟ್ಟಿನ ಮುಂದೆ ಕೂತು ಸಂತೋಷಕ್ಕೆ ಅತ್ತುಬಿಟ್ಟಿದ್ದಳು.

"ಅದು ಭಾರ ಕಣಮ್ಮ. ಹೊಟ್ಟೆಗೆ ಚುಚ್ಚುತ್ತೆ."

"ಚುಚ್ಚಲಿ ಬಿಡು. ನಿಮ್ಮಪ್ಪನದೂ ಚುಚ್ತಿತ್ತು. ಒಬ್ಬ ಹುಡುಗ ಮೂಳೆ ಮುರ್ಕೊಂಡು ಗೆದ್ದಿದ್ದನ್ನ ಕೊಟ್ಟಿದಾನೆ, ನೀನು ಅದನ್ನ ಮೇಜಿನ ಮೇಲೆ ಬಿಟ್ಟು ಹೋದ್ರೆ ಊರೆದುರು ಅವನ ಮುಖಕ್ಕೆ ಉಗಿದ ಹಾಗೆ."

"ಹಾಕ್ಕೋತೀನಿ ಅಂದ್ನಲ್ಲ." ಶೆಲ್ಬಿ ಒಂದು ದಪ್ಪ ಜೀನ್ಸ್ ಅಂಗಿ ಎತ್ತಿಕೊಂಡಳು. ಮಣಿಕಟ್ಟಿನವರೆಗೆ ತೋಳು, ಗಂಟಲವರೆಗೆ ಗುಂಡಿ.

"ಇದನ್ನಾ? ಹೊರಗೆ ನೋಡಿದೀಯಾ, ಕೋಳಿ ನಿಂತಲ್ಲೇ ಬೇಯುತ್ತೆ ಹಾಗಿದೆ. ಬಿಳಿ ಫ್ರಾಕು ಯಾಕೆ ಹೊಲಿದೆ ನಾನು?"

ಬಿಳಿ ಫ್ರಾಕು ಬಾಗಿಲ ಹಿಂದೆ ತೂಗುತ್ತಿತ್ತು. ಹಗುರ ಹತ್ತಿ, ಭುಜಕ್ಕೆ ಎರಡೇ ಎಳೆ, ಬೆನ್ನು ಮೇಲ್ಭಾಗದಲ್ಲಿ ತೆರೆದದ್ದು. ವಸಂತದಲ್ಲಿ ಶೆಲ್ಬಿ ತಾನೇ ಕೇಳಿ ಹೊಲಿಸಿಕೊಂಡಿದ್ದಳು, ಇದೇ ಕಾರ್ಯಕ್ರಮಕ್ಕೆಂದು. ನೆಲ್ಡಾ ಜೀನ್ಸುಗಳ ನಡುವೆ ಬಿಡುವು ಮಾಡಿಕೊಂಡು ಹೊಲಿದಿದ್ದಳು. ಅಂಚಿನ ಪುಟ್ಟ ಹೊಲಿಗೆಗಳೆಲ್ಲ ಕೈಯವು.

"ಬೇಡ."

"ಯಾಕೆ ಬೇಡ? ತೊಟ್ಟು ತೋರಿಸು. ಸೊಂಟ ಸರಿ ಬಂದಿದೆಯಾ ನೋಡ್ತೀನಿ."

"ಬೇಡ ಅಂದ್ರೆ ಬೇಡ, ಬಿಡಮ್ಮಾ!"

ಅವಳು ಬೆನ್ನು ತಿರುಗಿಸದೆ, ಗೋಡೆಗೆ ಒರಗಿಯೇ ಟೀ ಶರ್ಟಿನ ಮೇಲೆ ಆ ದಪ್ಪ ಅಂಗಿಯನ್ನು ಏರಿಸಲು ನೋಡಿದಳು. ತೋಳು ಮೇಲೆತ್ತಿದಾಗ ಅವಳ ಬಾಯಿಂದ ಸಣ್ಣದೊಂದು ಸದ್ದು ಬಂತು. ಮಗುವಾಗಿದ್ದಾಗ ಜ್ವರದ ನಿದ್ದೆಯಲ್ಲಿ ಮಾಡುತ್ತಿದ್ದಂಥದೇ ಸದ್ದು. ನೆಲ್ಡಾಳಿಗೆ ಆ ಸದ್ದು ಮರೆತಿರಲಿಲ್ಲ. ಅವಳು ಮಗಳ ಹತ್ತಿರ ಹೋಗಿ, ಭುಜ ಹಿಡಿದು ತಿರುಗಿಸಿ, ಕೂದಲನ್ನು ಪಕ್ಕಕ್ಕೆ ಸರಿಸಿ, ಟೀ ಶರ್ಟನ್ನು ಮೇಲಕ್ಕೆತ್ತಿದಳು.

ಬೆನ್ನು ಪೂರ್ತಿ ಕಪ್ಪು, ನೇರಳೆ, ಹಳದಿ. ಎಲ್ಲಿ ಒಂದು ಪೆಟ್ಟು ಮುಗಿದು ಇನ್ನೊಂದು ಶುರುವಾಗಿದೆ ಎಂದು ತಿಳಿಯುವ ಹಾಗಿರಲಿಲ್ಲ. ಪಕ್ಕೆಲುಬಿನ ಮೇಲೆ ಚರ್ಮ ಒಡೆದು ಹಕ್ಕಳೆ ಕಟ್ಟಿತ್ತು. ಆದರೆ ಎರಡು ಭುಜದ ಮೂಳೆಗಳ ನಡುವೆ ಒಂದು ಗುರುತು ಅಚ್ಚೊತ್ತಿದಷ್ಟು ಸ್ಪಷ್ಟವಾಗಿತ್ತು. ಹಗ್ಗ ಹೊಸೆದಂಥ ಅಂಚು. ಎರಡು ಕೊಂಬು. ಹಣೆಯ ಜಾಗದಲ್ಲಿ ನಕ್ಷತ್ರ.

ನೆಲ್ಡಾ ಮೇಜಿನ ಮೇಲಿದ್ದ ಬಕಲ್ಲನ್ನು ನೋಡಿದಳು. ಮತ್ತೆ ಮಗಳ ಬೆನ್ನು ನೋಡಿದಳು. ಒಂದು ವಾರದಿಂದ ದಿನಕ್ಕೊಮ್ಮೆಯಾದರೂ, ಹಾಕಿಕೋ ಹಾಕಿಕೋ ಎಂದು ಅವಳು ಹೇಳಿದ್ದು ಇದನ್ನೇ.

"ಯಾವತ್ತು?"

"ಹೋದ ಶನಿವಾರ." ಶೆಲ್ಬಿ ಗೋಡೆಯನ್ನೇ ನೋಡುತ್ತಾ ಹೇಳಿದಳು. "ಗೂಳಿ ಅವನನ್ನ ದೊಡ್ಡಿ ಬಾಗಿಲು ದಾಟೋಕೆ ಮುಂಚೆಯೇ ಎಸೀತಲ್ಲ, ಆವತ್ತು. ಎಲ್ಲಾರೂ ನಕ್ರು. ನಾನೂ ನಕ್ಕೆ. ಕುದುರೆ ಲಾಯದ ಹಿಂದೆ ಕರ್ಕೊಂಡು ಹೋಗಿ ಬೆಲ್ಟ್ ಬಿಚ್ಚಿದ. ತುದೀನ ಮುಷ್ಟಿಗೆ ಸುತ್ಕೊಂಡ. ಬಕಲ್ಲಿರೋ ಕಡೆಯಿಂದ ಹೊಡ್ದ. ನಾನು ಬಿದ್ಮೇಲೂ ಹೊಡ್ದ. ಬೆಳಿಗ್ಗೆ ಬಂದು ಅತ್ತ. ಇದು ನಿನ್ನ ಹತ್ರನೇ ಇರ್ಲಿ, ನನ್ನ ಸೊಂಟದಲ್ಲಿದ್ರೆ ನನ್ನ ಕೈ ಸುಮ್ಮನಿರಲ್ಲ ಅಂತ ಕೊಟ್ಟ."

ಹಾಗಾದರೆ ಆ ಜೀನ್ಸಿನ ಮೇಲಿನ ಹನಿಗಳು ಗೂಳಿಯವಲ್ಲ. ನೆಲ್ಡಾ ತನ್ನ ಬೆರಳುಗಳನ್ನು ನೋಡಿಕೊಂಡಳು. ತಣ್ಣೀರು, ಉಪ್ಪು. ಚೂರೂ ಉಳಿಯದಂತೆ ತೊಳೆದಿದ್ದಳು.

"ನನಗ್ಯಾಕೆ ಹೇಳಲಿಲ್ಲ ಮಗಳೇ?"

"ನೀನು ಅಳ್ತಾ ಕೂತಿದ್ದೆ ಅಮ್ಮ. ಖುಷಿಗೆ." ಶೆಲ್ಬಿ ಟೀ ಶರ್ಟನ್ನು ಕೆಳಗೆಳೆದುಕೊಂಡಳು. "ಇವತ್ತು ಇನ್ನೂ ಇದೆ. ಹಾಡಿನ ಮಧ್ಯೆ ನನ್ನ ಹೆಸರು ಕೂಗಿ ಸ್ಟೇಜ್ ಮೇಲೆ ಕರೀತಾರಂತೆ. ಅವರಪ್ಪ ಮಾತಾಡಿ ಇಟ್ಟಿದಾರೆ. ವೆಸ್ ಉಂಗುರ ಹಿಡ್ಕೊಂಡು ಮೊಣಕಾಲೂರ್ತಾನೆ. ಅಷ್ಟು ಜನದ ಎದುರು ಆಗಲ್ಲ ಅಂತ ಹೇಗಮ್ಮ ಅನ್ನಲಿ? ಅಂದ್ರೆ ಆಮೇಲೆ ನನ್ನ ಬಿಡ್ತಾನಾ? ಹೂಂ ಅಂದ್ರೆ ಬಿಡ್ತಾನಾ?"

ಅಷ್ಟರಲ್ಲಿ ಹೊರಗೆ ಜಲ್ಲಿಕಲ್ಲಿನ ಮೇಲೆ ಟ್ರಕ್ಕಿನ ಚಕ್ರ ಸದ್ದು ಮಾಡಿತು.

"ನೀನು ಇಲ್ಲೇ ಇರು," ಎಂದು ಅವಳು ಬಾಗಿಲು ಎಳೆದುಕೊಂಡು ಹಿತ್ತಿಲ ಕೋಣೆಗೆ ಬಂದು ಇಸ್ತ್ರಿಯ ಮುಂದೆ ನಿಂತಳು. ಅದು ಇನ್ನೂ ಕಾದೇ ಇತ್ತು.

ವೆಸ್ ಜಾಲರಿ ಬಾಗಿಲನ್ನು ಬೆನ್ನಿಂದ ದೂಡಿಕೊಂಡು ಬಂದ. ಕೈಯಲ್ಲಿ ಕಂದು ಕಾಗದದಲ್ಲಿ ಸುತ್ತಿದ, ಹೊಗೆಯಲ್ಲಿ ಬೇಯಿಸಿದ ಮಾಂಸ. ಒಳಗೆ ಬಂದವನೇ ಟೋಪಿ ತೆಗೆದ.

"ಮಿಸ್ ನೆಲ್ಡಾ, ಹೇಗಿದೀರಿ? ಅಪ್ಪ ಕಳಿಸಿದ್ರು. ಕೊಬ್ಬಿರೋ ತುದಿ ನಿಮಗೆ ಇಷ್ಟ ಅಂತ ನಾನೇ ಕೊಯ್ಸಿದೆ." ತನ್ನ ಜೀನ್ಸಿನ ಮುಂದೆ ಕೂತು ಸಿಳ್ಳೆ ಹಾಕಿದ. "ನೋಡಿ ಹೆಂಗೆ ನಿಂತಿದೆ! ನನಗಿಂತ ನೆಟ್ಟಗೆ ನಿಂತಿದೆ. ಎಲ್ಲಿ, ರೆಡಿಯಾದ್ಲಾ? ಬಕಲ್ ಹಾಕ್ಕೊಂಡಿದಾಳೆ ತಾನೆ?"

"ಅವಳು ಬರೋದಿಲ್ಲ ವೆಸ್."

"ಹುಷಾರಿಲ್ವಾ?"

"ಅವಳ ಬೆನ್ನು ನೋಡಿದೆ."

ಅವನ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಆರಿಹೋಯಿತು. ಮಾಂಸದ ಪೊಟ್ಟಣವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಅದು ನಮ್ಮಿಬ್ಬರ ಮಾತು, ಮ್ಯಾಮ್. ಮುಗಿದಿದೆ. ನಾನು ಕ್ಷಮೆ ಕೇಳಿದೀನಿ."

"ನಿನ್ನ ಬಟ್ಟೆ ತಗೊಂಡು ಹೋಗಪ್ಪ. ಇನ್ನು ಈ ಬಾಗಿಲಿಗೆ ಬರಬೇಡ."

"ಮಿಸ್ ನೆಲ್ಡಾ, ಇವತ್ತು ಊರಿಗೆ ಊರೇ ಬರುತ್ತೆ. ಸ್ಟೇಜ್ ಮೇಲೆ ನಾನೊಬ್ನೇ ನಿಂತ್ಕೊಂಡು ಏನ್ ಮಾಡ್ಲಿ? ಅಪ್ಪ ನನ್ನ..." ಅವನು ಮಾತು ನುಂಗಿದ. ಆಮೇಲೆ ದನಿ ಎತ್ತಿದ. "ಶೆಲ್ಬೀ! ಬಾರೇ ಹೊರಗೆ!"

ಬಾಗಿಲು ತೆರೆದು ಶೆಲ್ಬಿ ನಿಂತಿದ್ದಳು. ಕೈಯಲ್ಲಿ ಬೆಲ್ಟು, ಬಕಲ್ಲು ಕೆಳಗೆ ತೂಗುತ್ತಿತ್ತು. "ತಗೋ, ನಿನ್ನದು. ಇಟ್ಕೋ. ನಾನು ಬರಲ್ಲ."

ಬಕಲ್ಲು ವಾಪಸು ಕೊಟ್ಟರೆ ಆ ಮಾತಿಗೆ ತಿರುಗಿ ಮಾತಿಲ್ಲ. ಅದು ಅವನಿಗೂ ಗೊತ್ತಿತ್ತು. ಅವನು ಎರಡೇ ದಾಪಿನಲ್ಲಿ ಕೋಣೆ ದಾಟಿ, ಅವಳ ಕೂದಲನ್ನು ಬುಡಕ್ಕೇ ಹಿಡಿದು, ಅವಳ ಮುಖವನ್ನು ಬಾಗಿಲ ಚೌಕಟ್ಟಿಗೆ ಬಡಿದ. ಮತ್ತೆ ಬಡಿದ. ಮೂಗಿನಿಂದ ರಕ್ತ ಬಳಬಳನೆ ಇಳಿದು ಗಲ್ಲಕ್ಕೆ ಹರಿಯಿತು.

"ಹಾಕ್ಕೊಂಡು ಬರ್ತೀಯ. ನಗ್ತಾ ಬರ್ತೀಯ. ತಿಳೀತಾ?"

ಅವಳನ್ನು ಎಳೆದುಕೊಂಡೇ ಹೊರಟ. ನೆಲ್ಡಾ ಅವನ ತೋಳಿಗೆ ನೇತುಬಿದ್ದಳು, ಹಲ್ಲು ಊರಿ ಕಚ್ಚಿದಳು. "ಬಿಡೇ ಮುದುಕಿ!" ಎಂದು ಅವನು ಕೊಡವಿದ ರಭಸಕ್ಕೆ ಅವಳು ಕಲ್ಲಿನ ತೊಟ್ಟಿಯ ಅಂಚಿಗೆ ಹೋಗಿ ಬಿದ್ದಳು. ಊರಿದ ಬಲಗೈ ಮಣಿಕಟ್ಟಿನಲ್ಲಿ ಒಣಕಟ್ಟಿಗೆಯಂತೆ ಲಟಕ್ಕೆಂದಿತು. ಗಂಜಿಯ ಬಕೆಟ್ಟು ಉರುಳಿತು. ನೆಲದ ತುಂಬ ಬಿಳಿ ಲೋಳೆ ಹರಡಿತು. ಗಂಜಿ ಹಾಕಿದ ಜೀನ್ಸುಗಳು ಒಂದರ ಮೇಲೊಂದು ಕಟಕಟನೆ ಬಿದ್ದವು.

ವೆಸ್‌ನ ಬೂಟು ಆ ಲೋಳೆಯಲ್ಲಿ ಜಾರಿತು. ಅವನು ಮೊಣಕಾಲ ಮೇಲೆ ಕುಸಿದು, ಬೀಳದಿರಲೆಂದು ಇಸ್ತ್ರಿ ಮೇಜನ್ನು ಹಿಡಿದುಕೊಂಡ. ಇನ್ನೊಂದು ಕೈಯಲ್ಲಿ ಶೆಲ್ಬಿಯ ಕೂದಲು ಇನ್ನೂ ಇತ್ತು. ಮೇಜು ಹಿಡಿದ ಕೈ ಅವನ ಬಲಗೈ, ಗೂಳಿಯ ಹಗ್ಗ ಹಿಡಿಯುವ ಕೈ. ಅದು ನೆಲ್ಡಾಳ ಕಣ್ಣೆದುರು, ಬಟ್ಟೆಯೊಂದನ್ನು ಹಾಸಿಟ್ಟಂತೆ ಹಾಸಿಕೊಂಡಿತ್ತು.

ತೊಟ್ಟಿಯ ಬಳಿಯಿಂದ ಎದ್ದು, ಎಡಗೈಯಲ್ಲಿ ಇಸ್ತ್ರಿ ಎತ್ತಿ ಅವಳು ಆ ಕೈಯ ಮೇಲೆ ಒತ್ತಿದಳು. ದಪ್ಪ ಜೀನ್ಸಿನ ಹೊಲಿಗೆಯನ್ನು ಮಟ್ಟ ಮಾಡುವಾಗ ಹೇಗೆ ಮೈಭಾರ ಬಿಟ್ಟು ಒತ್ತುತ್ತಿದ್ದಳೋ ಹಾಗೆ. ಗಂಜಿ ಚುರ್ರೆಂದಿತು. ಆಮೇಲೆ ಚರ್ಮ. ವೆಸ್‌ನ ಕಿರುಚಾಟಕ್ಕೆ ಕಿಟಕಿಯ ಗಾಜು ಅದುರಿತು. ಕರುಗಳಿಗೆ ಬರೆ ಹಾಕುವ ದಿನ ಊರ ಮೇಲೆ ಹರಡುವ ಕಮಟು ವಾಸನೆ ಆ ಪುಟ್ಟ ಕೋಣೆಯಲ್ಲಿ ತುಂಬಿತು. ಕೂದಲು ಹಿಡಿದ ಕೈ ತೆರೆದುಕೊಂಡಾಗ ಮಾತ್ರ ನೆಲ್ಡಾ ಇಸ್ತ್ರಿ ತೆಗೆದಳು. ಇಸ್ತ್ರಿಯ ಜೊತೆ ಏನೋ ಅಂಟಿಕೊಂಡು ಬಂತು. ಅವಳು ಅದನ್ನು ನೋಡಲಿಲ್ಲ.

ಶೆಲ್ಬಿ ಎದ್ದು ನಿಂತಿದ್ದಳು. ಮುಖ ಪೂರ್ತಿ ಕೆಂಪು. ಬೆಲ್ಟಿನ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡು, ತೋಳು ಹಿಂದಕ್ಕೆಳೆದು, ಅವನ ಬೆನ್ನಿಗೆ ಬೀಸಿದಳು. ಬಕಲ್ಲು ಮೂಳೆಗೆ ತಾಗಿದ ಸದ್ದು ಕೇಳಿತು. ಮತ್ತೊಮ್ಮೆ ಎತ್ತಿದಳು.

ಆಗ ವೆಸ್ ಸುರುಳಿಯಾದ. ಮೊಣಕಾಲನ್ನು ಎದೆಗೆ ಸೆಳೆದು, ತಲೆಯನ್ನು ಒಳಗೆ ತೂರಿಸಿ, ಎರಡು ಮೊಣಕೈಗಳಿಂದ ಕಿವಿ ಮುಚ್ಚಿ, ಸುಟ್ಟ ಕೈಯನ್ನೂ ಕುತ್ತಿಗೆಯ ಹಿಂದೆ ಇಟ್ಟುಕೊಂಡ. ಯೋಚನೆ ಮಾಡಿ ಹಾಗೆ ಮಲಗಿದ್ದಲ್ಲ. ತುಂಬ ಸಲ ಹಾಗೆ ಮಲಗಿ ಅಭ್ಯಾಸವಿದ್ದ ಮೈ ತಾನಾಗಿ ಮಡಚಿಕೊಂಡದ್ದು.

"ಬಕಲ್ಲಿಂದ ಬೇಡ, ಬಕಲ್ಲಿಂದ ಬೇಡ," ಎಂದು ತೊದಲಿದ, ಚಿಕ್ಕ ಹುಡುಗನ ದನಿಯಲ್ಲಿ.

ಶೆಲ್ಬಿಯ ತೋಳು ಮೇಲೆಯೇ ನಿಂತಿತು. ಆಮೇಲೆ ಅವಳು ಬೆಲ್ಟನ್ನು ಅವನ ಪಕ್ಕದ ಲೋಳೆಯಲ್ಲಿ ಬಿಸಾಡಿದಳು.

"ತಗೊಂಡು ಹೋಗು. ಡಾಕ್ಟರ ಹತ್ರ ಹೋಗು, ಹೋಗು!"

ಅವನು ಬೆಲ್ಟನ್ನು ಮುಟ್ಟಲಿಲ್ಲ. ಕೈಯನ್ನು ಎದೆಗವಚಿಕೊಂಡು, ಗೋಡೆ ಹಿಡಿದುಕೊಂಡು ಹೊರಗೆ ಹೋದ. ಟ್ರಕ್ಕು ಅಡ್ಡಾದಿಡ್ಡಿ ಹಿಂದಕ್ಕೆ ಹೋಗಿ, ಟಪಾಲು ಪೆಟ್ಟಿಗೆಯನ್ನು ಕಂಬದ ಸಮೇತ ಮುರಿದು, ಆಸ್ಪತ್ರೆಯಿರುವ ಪಕ್ಕದೂರಿನ ದಾರಿ ಹಿಡಿಯಿತು.

ನೆಲ್ಡಾ ತೊಟ್ಟಿಗೆ ಒರಗಿ ಕೂತಿದ್ದಳು. ಮಗಳು ಅಡುಗೆಮನೆಯ ಮರದ ಸೌಟನ್ನು ಅವಳ ಮುರಿದ ಕೈಗೆ ಆಧಾರವಾಗಿಟ್ಟು ಕೈಚೌಕದಿಂದ ಬಿಗಿದಳು. ತಾಯಿ ಒಳ್ಳೆಯ ಕೈಯಿಂದ ಮಗಳ ಮೂಗನ್ನು ಒರೆಸಿದಳು, ತಣ್ಣೀರಿನಲ್ಲಿ ಬಟ್ಟೆ ಅದ್ದಿ ಅದ್ದಿ.

"ಕಾರಿಗೆ ಹತ್ತು. ನಿಮ್ಮ ದೊಡ್ಡಮ್ಮನ ಮನೆಗೆ ಹೋಗಿಬಿಡೋಣ. ರಾಜ್ಯದ ಗಡಿ ದಾಟಿದ್ರೆ ಸಾಕು," ಎಂದಳು ನೆಲ್ಡಾ.

"ಹೋದ್ರೆ?"

"ಹೋದ್ರೆ ನೀನು ಬದುಕಿರ್ತೀಯಲ್ಲೇ."

"ಅಮ್ಮ, ಶೆರೀಫನ ಪೊಲೀಸ್ ಕಚೇರಿಗೆ ಫೋನ್ ಮಾಡಿದ್ರೆ ಎತ್ತೋದು ವೆಸ್‌ನ ಚಿಕ್ಕಪ್ಪ. ಇವತ್ತು ರಾತ್ರಿಯೊಳಗೆ ಊರೆಲ್ಲ ಒಂದೇ ಮಾತಾಗುತ್ತೆ. ಬಟ್ಟೆ ಒಗೆಯೋಳು ಹುಚ್ಚು ಹಿಡಿದು ಪಾಪದ ಹುಡುಗನ ಕೈ ಸುಟ್ಲು ಅಂತ. ಆಮೇಲೆ ನಾವು ಏನು ಹೇಳಿದ್ರೂ ಸುಳ್ಳೇ. ನನ್ನ ಬೆನ್ನು ಇನ್ನೊಂದು ವಾರಕ್ಕೆ ಮಾಯುತ್ತೆ. ಆಮೇಲೆ ತೋರಿಸೋಕೂ ಏನೂ ಇರಲ್ಲ."

ನೆಲ್ಡಾಳಿಗೆ ಮಗಳು ಏನು ಹೇಳುತ್ತಿದ್ದಾಳೆಂದು ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

"ಎಲ್ಲಾರೂ ನೋಡ್ತಾರೆ ಕಂದಾ."

"ನೋಡಲಿ ಅಂತಾನೇ. ಆ ಬಕಲ್ಲನ್ನ ಗುರುತು ಹಿಡಿಯದೋರು ಈ ಊರಲ್ಲಿ ಯಾರಿದಾರೆ ಹೇಳು?"

ಶೆಲ್ಬಿ ಬಿಳಿ ಫ್ರಾಕು ತೊಟ್ಟು ಬಂದು ಬೆನ್ನು ತಿರುಗಿಸಿ ನಿಂತಳು. ಕೂದಲನ್ನು ಎತ್ತಿ ನೆತ್ತಿಯ ಮೇಲೆ ಗಂಟು ಹಾಕಿದ್ದಳು. ಬಟ್ಟೆ ಮಗ್ಗುಲಿಗೆ ತಾಗಿದಾಗೆಲ್ಲ ಅವಳ ಮೈ ಜುಮ್ಮೆಂದು ನಡುಗುತ್ತಿತ್ತು. ಬೆನ್ನಿನ ಕತ್ತರಿಕೆ ಗೂಳಿಯ ಕೊಂಬಿನವರೆಗೆ ಬಂದು ನಿಂತಿತ್ತು. ನಕ್ಷತ್ರ ಬಟ್ಟೆಯೊಳಗೇ ಉಳಿದಿತ್ತು. ನೆಲ್ಡಾ ಎಡಗೈಯಲ್ಲಿ ಕತ್ತರಿ ಹಿಡಿದಳು. ತಾನೇ ಹಾಕಿದ ಪುಟ್ಟ ಪುಟ್ಟ ಹೊಲಿಗೆಗಳನ್ನು ಬಿಚ್ಚಿ, ಬಟ್ಟೆಯನ್ನು ಇನ್ನೂ ಕೆಳಗೆ ಕತ್ತರಿಸಿ, ಅಂಚನ್ನು ಒಳಗೆ ಮಡಚಿ ಪಿನ್ನು ಚುಚ್ಚಿದಳು. ಲೋಹ ಚರ್ಮಕ್ಕೆ ತಾಗದಂತೆ ಪ್ರತಿ ಪಿನ್ನಿಗೂ ಕಟ್ಟು ಹಾಕಿದ ಕೈಯ ಬೆರಳನ್ನು ಅಡ್ಡ ಇಟ್ಟುಕೊಂಡಳು.

"ತುಂಬಾ ನೋಯ್ತಿದೆಯಾ?"

"ನಿನ್ನ ಕೈ?"

"ಕೈ ಇದೆ ಅಂತಾನೇ ಗೊತ್ತಾಗ್ತಿಲ್ಲ. ಹೊರಡು."

ಶೆಲ್ಬಿ ಕಾರು ಓಡಿಸಿದಳು. ಮೈದಾನದ ದ್ವಾರದಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಮಗಳ ಬೆನ್ನಿಗೆ ನೆಲ್ಡಾ ತನ್ನ ತೆಳು ಶಾಲು ಹೊದಿಸಿದ್ದಳು. ಟಿಕೆಟ್ಟು ನೋಡುವವನು ಶೆಲ್ಬಿಯ ಊದಿದ ಮೂಗು ನೋಡಿ, "ಏನಮ್ಮ ಇದು, ಗೂಳಿ ನೀನೂ ಹತ್ತಿದ್ಯಾ?" ಎಂದು ನಕ್ಕ. ನೆಲ್ಡಾಳ ಕೈಯ ಕಟ್ಟು ಕಂಡು ನಗು ನಿಲ್ಲಿಸಿ ಒಳಗೆ ಬಿಟ್ಟ.

ಮೊದಲ ಸಾಲಿನಲ್ಲಿ ಹಾಯ್ಟ್ ರಿಗ್ಸ್ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಓಪಲ್, ಗುಲಾಬಿ ಕಸೂತಿಯ ಉದ್ದ ತೋಳಿನ ಅಂಗಿಯಲ್ಲಿ, ಗಂಟಲವರೆಗೆ ಗುಂಡಿ ಹಾಕಿಕೊಂಡು. ಅವಳ ಮೇಲ್ತುಟಿಯಲ್ಲಿ ಬೆವರು ಹನಿಕಟ್ಟಿತ್ತು. ವೆಸ್‌ನ ಕುರ್ಚಿ ಖಾಲಿ. ತಾಯಿ ಮಗಳು ಓಪಲ್‌ಳ ಪಕ್ಕದಲ್ಲಿ ಕೂತರು.

"ಹುಡುಗ ಎಲ್ಲಿ ಸತ್ತ? ಬಟ್ಟೆ ತರ್ತೀನಿ ಅಂತ ನಿನ್ನ ಮನೆಗೇ ಹೋದನಲ್ಲ," ಎಂದು ಹಾಯ್ಟ್ ನೆಲ್ಡಾಳನ್ನು ಕೇಳಿದ. ಅವಳ ಕೈಯ ಕಟ್ಟು ಅವನ ಕಣ್ಣಿಗೆ ಬೀಳಲೇ ಇಲ್ಲ.

"ಬರ್ತಾನೆ," ಎಂದಳು ನೆಲ್ಡಾ. ಅವಳು ಬದುಕಿನಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದೇ ಇಲ್ಲ.

ಹಾಡು ಶುರುವಾಯಿತು. ಡೋಲಿನ ಪೆಟ್ಟು ನೆಲ್ಡಾಳ ಮುರಿದ ಮೂಳೆಗೇ ಬೀಳುತ್ತಿತ್ತು. ಹೆಂಡತಿಯನ್ನು ಕಳೆದುಕೊಂಡ ಗಂಡಸಿನ ಹಾಡು, ಕುದುರೆ ಕಳೆದುಕೊಂಡವನ ಹಾಡು. ಜನ ಬೂಟುಗಾಲು ಕುಟ್ಟಿ ಕುಣಿದರು, ಬಿಯರು ಚೆಲ್ಲಿದರು. ಹಿಂದೆಲ್ಲೋ ಇಬ್ಬರು ಟೋಪಿಯ ವಿಷಯಕ್ಕೆ ಮುಷ್ಟಿಯುದ್ಧಕ್ಕೆ ಬಿದ್ದರು. ಒಬ್ಬನ ಹುಬ್ಬು ಒಡೆಯಿತು, ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಮೂರ್ನಾಲ್ಕು ಹಾಡು ಮುಗಿದ ಮೇಲೆ ಹಾಡುಗಾರ ಹಣೆ ಒರೆಸಿಕೊಂಡು ಮೈಕಿನ ಹತ್ತಿರ ಬಂದ.

"ಈ ಊರಿನ ಒಬ್ಬ ಗೂಳಿ ಸವಾರನ ಹುಡುಗಿ ಇಲ್ಲೇ ಇದಾಳಂತೆ. ಅವನ ಬಕಲ್ಲು ಅವಳ ಹತ್ರ ಇದೆಯಂತೆ! ಎಲ್ಲಮ್ಮಾ ಶೆಲ್ಬಿ, ಬಾ ಮೇಲೆ, ಎಲ್ಲರಿಗೂ ತೋರಿಸು!"

ಜನ ಊಳಿಟ್ಟರು. ಶೆಲ್ಬಿ ಎದ್ದಳು. ತಾಯಿಯ ಕಡೆ ನೋಡಲಿಲ್ಲ. ಶಾಲನ್ನು ನೆಲ್ಡಾಳ ಮಡಿಲಲ್ಲಿಟ್ಟು, ಬೆನ್ನು ಜನರಿಗೆ ಕಾಣದಂತೆ ಓರೆಯಾಗಿ ಪಕ್ಕದ ಮೆಟ್ಟಿಲು ಹತ್ತಿದಳು. ಸೊಂಟದಲ್ಲಿ ಬೆಲ್ಟಿಲ್ಲದ್ದನ್ನು ನೋಡಿ ಹಾಡುಗಾರ, "ಬಕಲ್ಲು ಮನೇಲಿ ಬಿಟ್ಟು ಬಂದ್ಯಾ ಏನು?" ಎಂದು ತಮಾಷೆ ಮಾಡಿದ.

"ಇಲ್ಲ, ತಂದಿದೀನಿ," ಎಂದಳು ಶೆಲ್ಬಿ ಮೈಕಿನಲ್ಲಿ.

ಅವಳು ಜನರಿಗೆ ಬೆನ್ನು ತಿರುಗಿಸಿದಳು.

ಎತ್ತರದಲ್ಲಿ ಕಟ್ಟಿದ್ದ ದೊಡ್ಡ ಪರದೆಯ ಮೇಲೆ ಆ ಬೆನ್ನು ಮನೆಯಷ್ಟಗಲವಾಗಿ ಮೂಡಿತು. ಮೊದಲು ಸಿಳ್ಳೆಗಳು. ಆಮೇಲೆ ಮುಂದಿನ ಸಾಲು ಸುಮ್ಮನಾಯಿತು. ಅದರ ಹಿಂದಿನದು, ಅದರ ಹಿಂದಿನದು. ಹಗ್ಗದ ಅಂಚು, ಕೊಂಬು, ನಕ್ಷತ್ರ: ಕಪ್ಪಗೆ, ನೇರಳೆಯಾಗಿ. ಯಾರೋ ಹೆಂಗಸು "ಅದು ವೆಸ್‌ನದು" ಎಂದದ್ದು ದೂರದಿಂದ ಸ್ಪಷ್ಟವಾಗಿ ಕೇಳಿಸಿತು. ಹಾಡುಗಾರ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ಅವುಗಳ ಗುಂಯ್‌ಗುಡುವಿಕೆ ನಿಲ್ಲಿಸಿದ. ಟೋಪಿ ತೆಗೆದ.

ಹಾಯ್ಟ್ ಎದ್ದು ನಿಂತ. "ಇಳೀ ಕೆಳಗೆ! ಸೂಳೆ! ಲೈಟ್ ಆರಿಸ್ರೋ!" ಎಂದು ಅಬ್ಬರಿಸಿದ. ಯಾರೂ ಅಲುಗದಿದ್ದಾಗ ಕೈಗೆ ಸಿಕ್ಕ ಹೆಂಡತಿಯ ಮೇಲ್ದೋಳನ್ನು ಹಿಡಿದು ಜಗ್ಗಿದ. "ನಡಿ ಮನೆಗೆ! ನಡಿ ಅಂದೆ!"

ಓಪಲ್ ಎದ್ದಳು, ಆದರೆ ನಡೆಯಲಿಲ್ಲ. ನೆಲ್ಡಾ ಅವಳ ತೋಳನ್ನು ನೋಡಿದಳು. ಅದೆಷ್ಟೋ ವರ್ಷಗಳಿಂದ ಅವಳ ಅಂಗಿಗಳಿಗೆ ಗಂಜಿ ಹಾಕಿದ್ದಳು, ಕಸೂತಿ ಹರಿಯದಂತೆ ಜೋಪಾನವಾಗಿ ಇಸ್ತ್ರಿ ಮಾಡಿದ್ದಳು. ಗಿಡ್ಡ ತೋಳಿನದೊಂದೂ ಯಾಕೆ ಬರುವುದಿಲ್ಲ ಎಂದು ಒಂದು ದಿನವೂ ಕೇಳಿರಲಿಲ್ಲ. ತನ್ನ ಮಡಿಲಲ್ಲಿದ್ದ ಶಾಲನ್ನು ಬಿಟ್ಟು, ನೆಲ್ಡಾ ಒಳ್ಳೆಯ ಕೈಯನ್ನು ಚಾಚಿ ಓಪಲ್‌ಳ ಇನ್ನೊಂದು ಕೈಯನ್ನು ಹಿಡಿದುಕೊಂಡಳು. ಅದು ಜುಲೈ ತಿಂಗಳ ಸೆಕೆಯಲ್ಲೂ ತಣ್ಣಗಿತ್ತು.

"ಓಪಲ್," ಎಂದಳು, ಮಗುವನ್ನು ಎಬ್ಬಿಸುವ ದನಿಯಲ್ಲಿ.

ಓಪಲ್ ಪರದೆಯ ಮೇಲಿನ ಬೆನ್ನನ್ನೇ ನೋಡುತ್ತಿದ್ದಳು. ಗಂಡನ ಹಿಡಿತದಿಂದ ತೋಳನ್ನು ಕಿತ್ತುಕೊಂಡಳು. ನೆಲ್ಡಾಳ ಕೈಯನ್ನು ಬಿಡಿಸಿಕೊಂಡು, ಮಣಿಕಟ್ಟಿನ ಮುತ್ತಿನ ಗುಂಡಿಯನ್ನು ಎಳೆದಳು. ಅಷ್ಟು ದೊಡ್ಡ ಮೈದಾನದಲ್ಲಿ ಅದು ಟಪ್ಪೆಂದದ್ದು ಕೇಳಿಸಿತು. ಆಮೇಲೆ ಗಂಜಿಯಿಂದ ಸೆಟೆದ ತೋಳನ್ನು ಮಡಿಕೆ ಮಡಿಕೆಯಾಗಿ ಮೇಲಕ್ಕೆ ಸುತ್ತತೊಡಗಿದಳು.